ಪರದೆಯಿಲ್ಲದ ಓದುಯಂತ್ರ: ಕಟ್ಟಿದ ಬಗೆ, ಕೈಕೊಟ್ಟ ಕಡೆ

ಮುದ್ರಿತ ಹಾಳೆಯನ್ನು ಕೆಳಗಿಟ್ಟು ಬಟನ್ ಒತ್ತಿದರೆ ಅದರಲ್ಲಿರುವುದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುವ ಪೆಟ್ಟಿಗೆ ಇದು. ಪರದೆ ಇಲ್ಲ, ಮೌಸ್ ಇಲ್ಲ, ಇಂಟರ್ನೆಟ್ ಬೇಡ. ಒಳಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ (ಮುಂದೆ ಬರಿಯ 'ಪೈ'), ಮೇಲೊಂದು ಕ್ಯಾಮೆರಾ, ಅಕ್ಷರ ಗುರುತಿಸಲು ಟೆಸರಾಕ್ಟ್, ಮಾತಿಗೆ ಇಸ್ಪೀಕ್ ಎನ್‌ಜಿ. ಫೋನಿನ ಆ್ಯಪ್ ಇದೇ ಕೆಲಸ ಮಾಡುವುದಿಲ್ಲವೇ ಎಂದರೆ, ಮಾಡುತ್ತದೆ. ಆದರೆ ಕಣ್ಣು ಕಾಣದವರು ಫೋನನ್ನು ಹಾಳೆಯ ಮೇಲೆ ಸಮನಾಗಿ, ಸರಿಯಾದ ಎತ್ತರದಲ್ಲಿ, ಅಲುಗಿಸದೆ ಹಿಡಿಯುವುದೇ ಅರ್ಧ ಕೆಲಸ. ಆ ಅರ್ಧವನ್ನು ಮರದ ಚೌಕಟ್ಟಿಗೆ ವಹಿಸಿಬಿಟ್ಟರೆ ಉಳಿದದ್ದು ಹಗುರ.

ಇಂಥ ಯಂತ್ರದಲ್ಲಿ ಅಕ್ಷರ ಗುರುತಿಸುವ ಭಾಗಕ್ಕಿಂತ ಹೆಚ್ಚು ಕಾಡುವುದು ಮೌನ. ಕಣ್ಣಿರುವವರಿಗೆ ಪರದೆಯಲ್ಲಿ ತಿರುಗುವ ಚಕ್ರವೋ ಮಿನುಗುವ ದೀಪವೋ ಕೆಲಸ ನಡೆದಿದೆ ಎಂದು ಹೇಳುತ್ತದೆ. ಇಲ್ಲಿ ಸದ್ದಿಲ್ಲದಿದ್ದರೆ ಯಂತ್ರ ಸತ್ತಿದೆಯೋ, ದುಡಿಯುತ್ತಿದೆಯೋ, ವಾಲ್ಯೂಮ್ ಇಳಿದಿದೆಯೋ ತಿಳಿಯದು. ಕೆಳಗಿನ ತೀರ್ಮಾನಗಳಲ್ಲಿ ಮುಕ್ಕಾಲು ಪಾಲು ಆ ಗೊಂದಲ ತೆಗೆಯಲೆಂದೇ ಆದವು.

ಬೇಕಾದ ಸಾಮಾನು

ರಾಸ್ಪ್‌ಬೆರಿ ಪೈ 4 (4 ಜಿಬಿ), 5.1 ವೋಲ್ಟ್ 3 ಆ್ಯಂಪ್ ಸಪ್ಲೈ, 32 ಜಿಬಿ ಮೈಕ್ರೋಎಸ್‌ಡಿ ಕಾರ್ಡ್. ಪೈ 5 ಹಾಕುವುದಾದರೆ ಎರಡು ವ್ಯತ್ಯಾಸ ನೆನಪಿರಲಿ: ಅದಕ್ಕೆ 3.5 ಮಿ.ಮೀ. ಆಡಿಯೊ ಜ್ಯಾಕ್ ಇಲ್ಲ, ಮತ್ತು ಕ್ಯಾಮೆರಾ ಕನೆಕ್ಟರ್ 22 ಪಿನ್ನಿನ ಕಿರಿದಾದದ್ದು, 15 ಪಿನ್ನಿನ ಪಟ್ಟಿ ಕೂರುವುದಿಲ್ಲ. ಕ್ಯಾಮೆರಾ ಮಾಡ್ಯೂಲ್ 3 (ಸಾಮಾನ್ಯ ಲೆನ್ಸಿನದು, ಅಗಲ ಕೋನದ್ದಲ್ಲ) ಮತ್ತು 50 ಸೆಂ.ಮೀ. ಪಟ್ಟಿ ಕೇಬಲ್. 5 ವೋಲ್ಟಿನ ಬಿಳಿ ಎಲ್‌ಇಡಿ ಪಟ್ಟಿ 30 ಸೆಂ.ಮೀ.ಯ ಎರಡು ತುಂಡು. ಮ್ಯಾಕ್ಸ್ 98357ಎ ಆಂಪ್ಲಿಫೈಯರ್ ಬೋರ್ಡ್, 4 ಓಮ್ 3 ವ್ಯಾಟ್ ಸ್ಪೀಕರ್. ಎಂಸಿಪಿ 3008 ಚಿಪ್, 10 ಕಿಲೋ ಓಮ್ ಲೀನಿಯರ್ ಪೊಟೆನ್ಶಿಯೊಮೀಟರ್ ಎರಡು. 30 ಮಿ.ಮೀ. ಆರ್ಕೇಡ್ ಬಟನ್ ನಾಲ್ಕು, ಒಂದು ಸ್ಲೈಡ್ ಸ್ವಿಚ್, ಒಂದು ರಾಕರ್ ಸ್ವಿಚ್, 5 ವೋಲ್ಟಿನ ಆ್ಯಕ್ಟಿವ್ ಬಜರ್. ಚೌಕಟ್ಟಿಗೆ 12 ಮಿ.ಮೀ. ಪ್ಲೈವುಡ್, ತಳಕ್ಕೆ 420×400 ಮಿ.ಮೀ. ತುಂಡು. ಬಿಡಿಭಾಗಗಳನ್ನು ಅವು ಬರುವ ಕಡೆ ಹೇಳಿದ್ದೇನೆ.

ಪೈಗೆ ಫ್ಯಾನ್ ಬೇಡ, ದೊಡ್ಡ ಹೀಟ್‌ಸಿಂಕ್ ಹಾಕಿ. ಫ್ಯಾನಿನ ಸದ್ದು ಮಾತಿನ ಜೊತೆ ಸ್ಪರ್ಧೆಗಿಳಿಯುತ್ತದೆ, ವೇಗವಾಗಿ ಕೇಳುವವರಿಗೆ ವ್ಯಂಜನಗಳೇ ತಪ್ಪಿಹೋಗುತ್ತವೆ. ಪೈ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಒಂದೊಂದೇ ಹಾಳೆ ಓದುವ ಕೆಲಸಕ್ಕೆ ಹೀಟ್‌ಸಿಂಕ್ ಸಾಕು.

ಚೌಕಟ್ಟು: ಲೆಕ್ಕ ಮೊದಲು, ಗರಗಸ ಆಮೇಲೆ

ಕ್ಯಾಮೆರಾದ ಸೆನ್ಸರ್ 4608×2592 ಪಿಕ್ಸೆಲ್. ನೋಟದ ಕೋನ ಉದ್ದಕ್ಕೆ 66, ಅಡ್ಡಕ್ಕೆ 41 ಡಿಗ್ರಿ. ಲೆನ್ಸನ್ನು ಹಾಳೆಯಿಂದ 31 ಸೆಂ.ಮೀ. ಮೇಲಿಟ್ಟರೆ ಸುಮಾರು 403×232 ಮಿ.ಮೀ. ಜಾಗ ಕಾಣುತ್ತದೆ. ಎ4 ಹಾಳೆ 297×210. ಎರಡೂ ಪಕ್ಕದಲ್ಲಿ 11 ಮಿ.ಮೀ. ಮಿಗುತ್ತದೆ, ಪಿಕ್ಸೆಲ್ ಲೆಕ್ಕದಲ್ಲಿ ಮಿಲಿಮೀಟರಿಗೆ 11ಕ್ಕೆ ಸ್ವಲ್ಪ ಹೆಚ್ಚು, ಅಂದರೆ ಇಂಚಿಗೆ 284 ಚುಕ್ಕೆ. ಟೆಸರಾಕ್ಟ್‌ಗೆ ಹಿತವಾದ 300ರ ಹತ್ತಿರ. ಇದಕ್ಕಿಂತ ಎತ್ತರಿಸಿದರೆ ಚುಕ್ಕೆ ಕಡಿಮೆ, ತಗ್ಗಿಸಿದರೆ ಹಾಳೆಯ ಅಂಚು ಕತ್ತರಿಸಿಹೋಗುತ್ತದೆ. ಹೆಚ್ಚುಕಡಿಮೆಗೆ ಜಾಗವೇ ಇಲ್ಲ. ಆದ್ದರಿಂದ ಅಡ್ಡಪಟ್ಟಿಯನ್ನು ಕೊನೆಗೆ, ಕ್ಯಾಮೆರಾ ಕಟ್ಟಿ ನೋಡಿದ ಮೇಲೆಯೇ ತಿರುಪು ಬಿಗಿಯಿರಿ.

ಕ್ಯಾಮೆರಾ ಹಿಡಿಯಲು ಒಂಟಿ ಕಂಬ ಸಾಲದು. ಬಟನ್ ಇರುವುದೂ ಅದೇ ತಳದ ಮೇಲೆ, ಒತ್ತಿದ ಹೊಡೆತಕ್ಕೆ ಕಂಬದ ತುದಿ ತೂಗುತ್ತದೆ, ಚಿತ್ರ ಅಡ್ಡಕ್ಕೆ ಎಳೆದಂತೆ ಬರುತ್ತದೆ. ಎಡಬಲ ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಮೂಲೆಗಳಿಗೆ ತ್ರಿಕೋನದ ಬಲ ಕೊಟ್ಟರೆ ನಿಲ್ಲುತ್ತದೆ. ಇಷ್ಟಾದರೂ ಒತ್ತಿದ ಕ್ಷಣಕ್ಕೆ ಚಿತ್ರ ತೆಗೆಯಬಾರದು, 400 ಮಿಲಿಸೆಕೆಂಡ್ ಬಿಡಬೇಕು.

ತಳಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ. ಹಾಳೆಯ ಅಂಚು ಗುರುತಿಸಲು ಪ್ರೋಗ್ರಾಮಿಗೆ ಸುಲಭ. ಸ್ವಲ್ಪ ದೃಷ್ಟಿ ಉಳಿದವರಿಗೂ ಕಪ್ಪಿನ ಮೇಲೆ ಬಿಳಿ ಹಾಳೆ ಎದ್ದು ಕಾಣುತ್ತದೆ. ಹಾಳೆ ಕೂರಿಸಲು 4 ಮಿ.ಮೀ. ಎತ್ತರದ ಮರದ ಪಟ್ಟಿಗಳು: ಎಡಕ್ಕೊಂದು, ದೂರದ ಅಂಚಿಗೊಂದು, ಇವು ಸ್ಥಿರ. ಬಲಕ್ಕೆ ಮೂರನೆಯದು, ಎಡದ್ದರಿಂದ 214 ಮಿ.ಮೀ. ದೂರ, ಆಯಸ್ಕಾಂತದಿಂದ ಕೂರುವಂಥದ್ದು. ಹಾಳೆಯನ್ನು ಒಳಕ್ಕೆ ತಳ್ಳಿದರೆ ಮೂಲೆಗೆ ತಾನೇ ಹೋಗಿ ನಿಲ್ಲುತ್ತದೆ. ಎ4 ಹಾಳೆಯನ್ನು ಅಡ್ಡಲಾಗಿ ಇಡಲು ಜಾಗವೇ ಇಲ್ಲ; ತಪ್ಪು ಮಾಡಿದ್ದೀರಿ ಎಂದು ಆಮೇಲೆ ಹೇಳುವುದಕ್ಕಿಂತ ಮರವೇ ತಡೆಯುವುದು ಮೇಲು. ಪುಸ್ತಕ ಓದುವಾಗ ಬಲಪಟ್ಟಿ ಕಿತ್ತಿಟ್ಟರಾಯಿತು.

ಬೆಳಕು ಮತ್ತು ಹೊಳಪು

ನುಣುಪು ಕಾಗದದ ಮೇಲೆ ದೀಪದ ಬಿಂಬ ಬಿದ್ದ ಕಡೆ ಅಕ್ಷರ ಪೂರ್ತಿ ಮಾಯ. ಕಣ್ಣಿರುವವರು ಹಾಳೆ ಓರೆ ಮಾಡಿ ನೋಡುತ್ತಾರೆ. ಇಲ್ಲಿ ಆ ಜಾಗದ ಎರಡು ಸಾಲು ಸುಮ್ಮನೆ ಓದದೆ ಹೋಗುತ್ತದೆ, ಹೋದದ್ದು ಯಾರಿಗೂ ತಿಳಿಯುವುದಿಲ್ಲ. ತಪ್ಪು ಓದುವುದಕ್ಕಿಂತ ಇದು ಕೆಟ್ಟದ್ದು.

ಬಿಂಬ ಎಲ್ಲಿ ಬೀಳುತ್ತದೆ ಎಂಬುದು ಸರಳ ಲೆಕ್ಕ. ದೀಪ ಹಾಳೆಯ ನಡುವಿನಿಂದ ಪಕ್ಕಕ್ಕೆ ಎಷ್ಟು ದೂರವಿದೆಯೋ ಅದನ್ನು ಕ್ಯಾಮೆರಾದ ಎತ್ತರದಿಂದ ಗುಣಿಸಿ, ಕ್ಯಾಮೆರಾ ಮತ್ತು ದೀಪ ಎರಡರ ಎತ್ತರದ ಮೊತ್ತದಿಂದ ಭಾಗಿಸಿ. ದೀಪ 180 ಮಿ.ಮೀ. ಪಕ್ಕಕ್ಕೆ, 150 ಮಿ.ಮೀ. ಎತ್ತರದಲ್ಲಿದ್ದರೆ ಬಿಂಬ ನಡುವಿನಿಂದ 121 ಮಿ.ಮೀ. ದೂರ ಬೀಳುತ್ತದೆ. ಹಾಳೆಯ ಅರ್ಧ ಅಗಲ 105, ಆದ್ದರಿಂದ ಹೊರಗೆ. ಅದೇ ದೀಪವನ್ನು ನೆರಳು ಬೀಳದಿರಲೆಂದು 300 ಮಿ.ಮೀ. ಎತ್ತರಕ್ಕೆ ಏರಿಸಿದರೆ ಬಿಂಬ 91ಕ್ಕೆ ಬರುತ್ತದೆ, ನೇರ ಅಕ್ಷರಗಳ ಮೇಲೆ. ಹಾಗಾಗಿ ದೀಪ ತಗ್ಗಿನಲ್ಲೇ ಇರಲಿ. ತಗ್ಗಿನ ದೀಪ ಹತ್ತಿರದ ಅಂಚಿಗೆ ಹೆಚ್ಚು, ದೂರದ ಅಂಚಿಗೆ ಕಡಿಮೆ ಬೆಳಕು ಚೆಲ್ಲುತ್ತದೆ; ಎರಡೂ ಪಕ್ಕ ಒಂದೊಂದು ಪಟ್ಟಿ ಹಾಕುವುದು ಅದಕ್ಕೇ. ಪಟ್ಟಿಯ ಮೇಲೆ 20 ಮಿ.ಮೀ. ಅಗಲದ ಮರೆ ಕಟ್ಟಿ. ಮಂದದೃಷ್ಟಿಯವರ ಕಣ್ಣಿಗೆ ಬರಿಯ ಎಲ್‌ಇಡಿ ಚುಚ್ಚುತ್ತದೆ.

ದೀಪ ಹೊತ್ತಿಸಲು ಎಲೆಕ್ಟ್ರಾನಿಕ್ ಸ್ವಿಚ್ಚಾದ ಮಾಸ್‌ಫೆಟ್ ಬೇಕು. ಕೈಗೆ ಮೊದಲು ಸಿಗುವುದು ಐಆರ್‌ಎಫ್ 520 ಇರುವ ಪುಟ್ಟ ಬೋರ್ಡು. ಅದು ಪೂರ್ತಿ ತೆರೆಯಲು ಗೇಟಿಗೆ (ಅದರ ನಿಯಂತ್ರಣದ ಕಾಲಿಗೆ) 10 ವೋಲ್ಟ್ ಬೇಕು, ಪೈ ಕೊಡುವುದು 3.3. ದೀಪ ಮಂಕಾಗಿ ಉರಿಯುತ್ತದೆ, ಮಾಸ್‌ಫೆಟ್ ಬಿಸಿಯಾಗುತ್ತದೆ. ಐಆರ್‌ಎಲ್‌ಝಡ್ 44ಎನ್ ಅಥವಾ ಎಒ 3400 ಹಾಕಿ. ಗೇಟಿಗೆ ಸಾಲಾಗಿ 100 ಓಮ್, ಗೇಟಿನಿಂದ ಗ್ರೌಂಡಿಗೆ 10 ಕಿಲೋ ಓಮ್. ಈ ಎರಡನೆಯದು ಇಲ್ಲದಿದ್ದರೆ ಬೂಟ್ ಆಗುವಾಗ ದೀಪ ತನ್ನಿಷ್ಟದಂತೆ ಹೊತ್ತಿಕೊಳ್ಳುತ್ತದೆ. ದೀಪವನ್ನು ಪಿಡಬ್ಲ್ಯೂಎಂನಿಂದ (ವೇಗವಾಗಿ ಹೊತ್ತಿಸಿ ಆರಿಸಿ) ಮಂಕಾಗಿಸಲು ಹೋಗಬೇಡಿ, ರೋಲಿಂಗ್ ಶಟರ್ (ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದು) ಕಾರಣ ಚಿತ್ರದಲ್ಲಿ ಅಡ್ಡಪಟ್ಟೆ ಬರುತ್ತದೆ. ಕೋಣೆಯ ದೀಪವೂ ಮಿನುಗುತ್ತದೆ: 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ. ಎಕ್ಸ್‌ಪೋಶರನ್ನು 20 ಮಿಲಿಸೆಕೆಂಡಿಗೆ ಕಟ್ಟಿಹಾಕಿ, ಗೇನ್ 1ಕ್ಕೆ ಇಡಿ. ಆಗ ಮಿನುಗು ಸಮವಾಗಿ ಹಂಚಿಹೋಗುತ್ತದೆ, ಆಟೊ ಎಕ್ಸ್‌ಪೋಶರ್ ನಿಲ್ಲಲೆಂದು ಕಾಯುವುದೂ ತಪ್ಪುತ್ತದೆ.

ಫೋಕಸ್ ಮತ್ತು ಹೊಟ್ಟೆಯ ಸೀಳು

ಕನ್ನಡದ ಓದಿಗೆ ಫೋಕಸ್ ಯಾಕೆ ಅಷ್ಟು ಮುಖ್ಯ? ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಪ ಮತ್ತು ಫ: ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ವ್ಯತ್ಯಾಸ ಕೆಳಗಿನ ಆ ಪುಟ್ಟ ಗೆರೆ ಅಥವಾ ಸೀಳು ಮಾತ್ರ. 12 ಪಾಯಿಂಟ್ ಅಕ್ಷರದ ಮೈ ಸುಮಾರು 2 ಮಿ.ಮೀ., ನಮ್ಮ ಚಿತ್ರದಲ್ಲಿ 22 ಪಿಕ್ಸೆಲ್. ಸೀಳು ಅದರ ಹತ್ತನೆಯ ಒಂದು ಭಾಗ, ಅಂದರೆ 2 ಪಿಕ್ಸೆಲ್. ಫೋಕಸ್ ಕೊಂಚ ಸರಿದರೂ ಸೀಳು ತುಂಬಿಹೋಗಿ 'ಧನ' 'ದನ'ವಾಗುತ್ತದೆ. ಎರಡೂ ಸರಿಯಾದ ಪದವೇ, ಪದಕೋಶದಿಂದ ತಿದ್ದಲೂ ಬರುವುದಿಲ್ಲ.

ಆಟೊಫೋಕಸ್ ಬಿಟ್ಟುಕೊಟ್ಟರೆ ಖಾಲಿ ಜಾಗ ಹೆಚ್ಚಿರುವ ಹಾಳೆಯ ಮೇಲೆ ಲೆನ್ಸ್ ಹಿಂದೆಮುಂದೆ ಹುಡುಕಾಡುತ್ತದೆ. ಕೈಯಿಂದ ಕಟ್ಟುವುದೇ ಸರಿ. ಕ್ಯಾಮೆರಾ ನಡೆಸುವ ಪೈಥಾನ್ ಲೈಬ್ರರಿ ಪೈಕ್ಯಾಮೆರಾ2ರಲ್ಲಿ ಲೆನ್ಸಿನ ಸ್ಥಾನವನ್ನು ಡಯಾಪ್ಟರಿನಲ್ಲಿ ಕೊಡಬೇಕು, ಮೀಟರಿನಲ್ಲಿ ದೂರ ಎಷ್ಟಿದೆಯೋ ಅದರ ವ್ಯುತ್ಕ್ರಮ: 0.31 ಮೀಟರಿಗೆ 3.2. ಆ ದೂರದಲ್ಲಿ ಸ್ಪಷ್ಟತೆ ಉಳಿಯುವುದು ಮೇಲೆ ಕೆಳಗೆ ಸುಮಾರು 2 ಸೆಂ.ಮೀ. ಮಾತ್ರ. ಬಿಡಿ ಹಾಳೆಗೆ ಧಾರಾಳ, ದಪ್ಪ ಪುಸ್ತಕಕ್ಕೆ ಸಾಲದು. ಅದಕ್ಕೆ 3.2, 3.6, 4.0 ಹೀಗೆ ಮೂರು ಚಿತ್ರ ತೆಗೆದು, ಮೂರಕ್ಕೂ ನಡುಭಾಗದ ಲ್ಯಾಪ್ಲೇಸಿಯನ್ ವೇರಿಯನ್ಸ್ (ಚಿತ್ರದ ಸ್ಪಷ್ಟತೆಯ ಅಳತೆ) ಅಳೆದು, ಹೆಚ್ಚು ಬಂದದ್ದನ್ನು ಇಟ್ಟುಕೊಳ್ಳಿ. ಲೆನ್ಸ್ ಸರಿದ ಮೇಲೆ 300 ಮಿಲಿಸೆಕೆಂಡ್ ಬಿಡದಿದ್ದರೆ ಮೂರೂ ಒಂದೇ ಚಿತ್ರವಾಗಿರುತ್ತದೆ. ಫೋಕಸ್ ಕೆಲಸ ಮಾಡುತ್ತಿಲ್ಲ ಎನಿಸಿದರೆ ಮೊದಲು ನೋಡಬೇಕಾದ್ದು ಇದು. ಎರಡನೆಯದು ಕೇಬಲ್. ಪೈ 4ರಲ್ಲಿ ಪಟ್ಟಿಯ ನೀಲಿ ಬದಿ ಈಥರ್ನೆಟ್ ಕಡೆಗೆ, ಬೆಳ್ಳಿ ಗೆರೆಗಳು ಎಚ್‌ಡಿಎಂಐ ಕಡೆಗೆ ಇರಬೇಕು.

ಚಿತ್ರ ತೆಗೆಯುವ ಮುಂಚೆ ಕೈ ಹಿಂದಕ್ಕೆ ಹೋಗಿದೆಯೇ ಎಂದೂ ನೋಡಬೇಕು. 640×360ರ ಸಣ್ಣ ಸ್ಟ್ರೀಮಿನಲ್ಲಿ ಒಂದರ ಹಿಂದೊಂದು ಬರುವ ಚಿತ್ರಗಳ ವ್ಯತ್ಯಾಸ ಅಳೆಯಿರಿ. ಅರ್ಧ ಸೆಕೆಂಡ್ ಏನೂ ಅಲುಗದಿದ್ದರೆ ಮಾತ್ರ ಮುಂದಕ್ಕೆ. 5 ಸೆಕೆಂಡಾದರೂ ನಿಲ್ಲದಿದ್ದರೆ 'ಕೈ ತೆಗೆಯಿರಿ' ಎನ್ನಲಿ.

ಬೆರಳು ಓದುವ ಸ್ವಿಚ್ಚುಗಳು

ಮೊದಲ ಆವೃತ್ತಿಯಲ್ಲಿ ವಾಲ್ಯೂಮಿಗೆ ರೋಟರಿ ಎನ್‌ಕೋಡರ್ ಇತ್ತು, ಕೊನೆಯಿಲ್ಲದೆ ತಿರುಗುವ ಜಾತಿ. ಎಲ್ಲಿದೆ ಎಂದು ಮುಟ್ಟಿ ತಿಳಿಯುವುದಿಲ್ಲ. ತಿಳಿಯಬೇಕಾದರೆ ಯಂತ್ರ ಮಾತಾಡಬೇಕು. ವಾಲ್ಯೂಮೇ ಇಳಿದಿದ್ದರೆ ಮಾತು ಕೇಳಿಸುವುದಿಲ್ಲ. ಬದಲಿಗೆ ಸಾದಾ ಪೊಟೆನ್ಶಿಯೊಮೀಟರ್ ಹಾಕಿ, ಮೂತಿಯಿರುವ ನಾಬ್ ಕೂರಿಸಿದರೆ ಎರಡೂ ಕೊನೆ ಕೈಗೆ ತಗಲುತ್ತವೆ, ಮೂತಿ ಯಾವ ಕಡೆಗಿದೆ ಎಂದು ಬೆರಳೇ ಓದುತ್ತದೆ. ಎಡಕ್ಕೆ ವಾಲ್ಯೂಮ್, ಬಲಕ್ಕೆ ವೇಗ.

ಪೈಗೆ ಅನಲಾಗ್ ಇನ್‌ಪುಟ್ ಇಲ್ಲ, ಅದಕ್ಕೇ ನಾಬಿನ ವೋಲ್ಟೇಜನ್ನು ಅಂಕೆಯಾಗಿಸುವ ಎಂಸಿಪಿ 3008. ಅದರ ಎರಡೂ ಪವರ್ ಪಿನ್ನಿಗೆ 3.3 ವೋಲ್ಟ್ (5 ಕೊಟ್ಟರೆ ಮರಳಿ ಬರುವ ಸಿಗ್ನಲ್ ಪೈನ ಪಿನ್ನನ್ನು ಸುಡಬಹುದು), ಎಸ್‌ಪಿಐ (ಚಿಪ್ಪಿಗೂ ಪೈಗೂ ಮಾತುಕತೆ ನಡೆಯುವ) ತಂತಿಗಳು ಪೈನ ಜಿಪಿಐಒ ಪಿನ್ 8, 9, 10, 11ಕ್ಕೆ. ಓದಿದ ಬೆಲೆ 0ಯಿಂದ 1023ರವರೆಗೆ ಬರುತ್ತದೆ ಮತ್ತು ಸುಮ್ಮನಿದ್ದರೂ ನಾಲ್ಕಾರು ಅಂಕೆ ಕುಣಿಯುತ್ತದೆ. 16ಕ್ಕಿಂತ ಕಡಿಮೆ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಇಲ್ಲದಿದ್ದರೆ ಓದಿನ ನಡುವೆ ವೇಗ ತಾನೇ ಏರಿಳಿಯುತ್ತದೆ. ವಾಲ್ಯೂಮ್ ನಾಬ್ ಪೂರ್ತಿ ಇಳಿಸಿದರೂ ಸದ್ದು ಸೊನ್ನೆಗೆ ಹೋಗಕೂಡದು, ಕಿವಿಗೊಟ್ಟರೆ ಕೇಳುವಷ್ಟು ಉಳಿಯಬೇಕು. ವೇಗಕ್ಕೆ ನಿಮಿಷಕ್ಕೆ 120ರಿಂದ 400 ಪದ ಇಡಿ. 400 ಅತಿಯಾಯಿತು ಎನಿಸುವುದು ಕಣ್ಣಿನಿಂದ ಓದುವವರಿಗೆ. ವರ್ಷಗಟ್ಟಲೆ ಸ್ಕ್ರೀನ್ ರೀಡರ್ ಕೇಳಿದವರಿಗೆ 175ರ ಪೂರ್ವನಿಗದಿ ತೂಕಡಿಕೆ ತರಿಸುತ್ತದೆ, ಇಸ್ಪೀಕ್‌ನ ಒಣ ದನಿಯನ್ನು ಅವರು ಇಷ್ಟಪಡುವುದೂ ಅದು ವೇಗದಲ್ಲಿ ಚದುರುವುದಿಲ್ಲ ಎಂಬ ಕಾರಣಕ್ಕೆ.

ಬಟನ್‌ಗಳು ಮುಂದಿನ ಅಂಚಿನಲ್ಲಿ, ಕೇಂದ್ರದಿಂದ ಕೇಂದ್ರಕ್ಕೆ 45 ಮಿ.ಮೀ. 'ಹಿಂದೆ', 'ಓದು/ನಿಲ್ಲು', 'ಮುಂದೆ' ಮೂರು ಒಟ್ಟಿಗೆ, 'ಚಿತ್ರ ತೆಗೆ' ಮಾತ್ರ 120 ಮಿ.ಮೀ. ಬಲಕ್ಕೆ ಒಂಟಿಯಾಗಿ. ತಪ್ಪಿ ಒತ್ತಿದರೆ ಓದುತ್ತಿದ್ದ ಹಾಳೆ ಅಳಿಸಿಹೋಗುವುದು ಅದರಿಂದ ಮಾತ್ರ, ಆದ್ದರಿಂದ ದೂರ. ಮೂರರಲ್ಲಿ ನಡುವಿನದರ ಮೇಲೆ ಉಬ್ಬಿದ ಚುಕ್ಕೆ, ಕೀಬೋರ್ಡಿನ ಎಫ್ ಮತ್ತು ಜೆ ಕೀಗಳ ಮೇಲಿರುವ ಹಾಗೆ. ಆರ್ಕೇಡ್ ಬಟನ್ ಒತ್ತಿದ್ದು ಕೈಗೆ ಗೊತ್ತಾಗುತ್ತದೆ. ಟಚ್ ಪ್ಯಾಡ್‌ಗಳಲ್ಲಿ ಹುಡುಕಲು ಮುಟ್ಟಿದ್ದೇ ಒತ್ತಿದ್ದಾಗಿಬಿಡುತ್ತದೆ, ಇಲ್ಲಿಗೆ ಅವು ಬೇಡವೇ ಬೇಡ. ತಂತಿ ಜಿಪಿಐಒ 17, 27, 22, 23ರಿಂದ ಬಟನ್ ಮೂಲಕ ಗ್ರೌಂಡಿಗೆ, ಒಳಗಿನ ಪುಲ್‌ಅಪ್ (ಪಿನ್ನನ್ನು 3.3 ವೋಲ್ಟಿನಲ್ಲಿ ಹಿಡಿದಿಡುವ ರೆಸಿಸ್ಟರ್) ಸಾಕು, ಬೌನ್ಸ್ (ಒತ್ತಿದಾಗಿನ ಸಂಪರ್ಕದ ಕಂಪನ) ಕಡೆಗಣಿಸುವ ಸಮಯ 30 ಮಿಲಿಸೆಕೆಂಡ್. ದೀಪದ ಮಾಸ್‌ಫೆಟ್ 24ಕ್ಕೆ. 18ರಿಂದ 21ರವರೆಗೆ ಮುಟ್ಟಬೇಡಿ, ಅವು ಆಡಿಯೊದವು.

ಬ್ರೈಲ್ ಪಟ್ಟಿ ನಾಬ್‌ಗಳಿಗೆ ಸಾಕು. 'ವೇಗ' ಎಂದು ಭಾರತೀಯ ಭಾಷೆಗಳ ಭಾರತಿ ಬ್ರೈಲಿನಲ್ಲಿ ಬರೆಯಲು ಮೂರು ಕೋಶ, ಉಬ್ಬಿಸಬೇಕಾದ ಚುಕ್ಕೆಗಳ ಸಂಖ್ಯೆ: 1-2-3-6, 1-5, 1-2-4-5. ಚುಕ್ಕೆಗಳ ನಡುವೆ 2.5 ಮಿ.ಮೀ., ಕೋಶದಿಂದ ಕೋಶಕ್ಕೆ 6 ಮಿ.ಮೀ., ಎತ್ತರ 0.5. ಅಳತೆ ಹಿಗ್ಗಿಸಿದರೆ ಸುಲಭವಾಗುವುದಿಲ್ಲ, ಬೆರಳ ತುದಿಯಲ್ಲಿ ಒಂದು ಕೋಶ ಒಮ್ಮೆಗೆ ಹಿಡಿಯದೆ ಕಷ್ಟವೇ ಆಗುತ್ತದೆ. 3ಡಿ ಪ್ರಿಂಟ್ ಮಾಡುವುದಾದರೆ ಪಟ್ಟಿಯನ್ನು ನಿಲ್ಲಿಸಿ ಪ್ರಿಂಟ್ ಮಾಡಿ; ಮಲಗಿಸಿದರೆ ಚುಕ್ಕೆಯ ತಲೆ ಮೆಟ್ಟಿಲು ಮೆಟ್ಟಿಲಾಗಿ ಚುಚ್ಚುತ್ತದೆ.

ಪವರ್: ಎಳೆದರೂ ಕೆಡದಂತೆ

ಆನ್–ಆಫ್‌ಗೆ ರಾಕರ್ ಸ್ವಿಚ್, 5 ವೋಲ್ಟಿನ ಸಾಲಿನಲ್ಲಿ. ಶಟ್‌ಡೌನ್ ಬಟನ್ ಇಟ್ಟರೆ ಮುಗಿಯಿತೋ ಇಲ್ಲವೋ ತಿಳಿಯಲು ಪೈನ ಹಸಿರು ದೀಪ ನೋಡಬೇಕು. ರಾಕರ್ ಯಾವ ಕಡೆ ವಾಲಿದೆ ಎಂದು ಬೆರಳಿಗೆ ಗೊತ್ತು. ಆದರೆ ನಡುವೆ ಪವರ್ ಕಿತ್ತರೆ ಕಾರ್ಡ್ ಕೆಡುತ್ತದಲ್ಲ? ಪೈನ ಸೆಟ್ಟಿಂಗ್ ಸಾಧನ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿದರೆ ಕಾರ್ಡಿಗೆ ಏನೂ ಬರೆಯುವುದಿಲ್ಲ, ಬರೆದದ್ದೆಲ್ಲ ರ್‍ಯಾಮಿನಲ್ಲಿ ಉಳಿದು ಪವರ್ ಹೋದಾಗ ಅಳಿಯುತ್ತದೆ. ಉಳಿಸಿಡಬೇಕಾದ ಸೆಟ್ಟಿಂಗ್ ಯಾವುದೂ ಇಲ್ಲ, ಎಲ್ಲ ನಾಬಿನಲ್ಲೇ ಇದೆ. ಇದರಿಂದ ಇನ್ನೊಂದು ಲಾಭ: ಓದಿದ ಬ್ಯಾಂಕ್ ಪತ್ರ, ವೈದ್ಯರ ವರದಿ ಯಾವುದರ ಚಿತ್ರವೂ ಯಂತ್ರದಲ್ಲಿ ಉಳಿಯುವುದಿಲ್ಲ. ತೊಂದರೆಯೂ ಇದೆ. ದೋಷದ ಲಾಗ್ ಕೂಡ ಅಳಿಯುತ್ತದೆ. ಪ್ರೋಗ್ರಾಮ್ ಪೂರ್ತಿ ಪಳಗುವವರೆಗೆ ಓವರ್‌ಲೇ ಆಫ್ ಇರಲಿ.

ಅಗ್ಗದ ರಾಕರಿನ ಸಂಪರ್ಕದಲ್ಲಿ 0.1 ಓಮ್ ಇದ್ದರೂ 3 ಆ್ಯಂಪಿಗೆ 0.3 ವೋಲ್ಟ್ ಅಲ್ಲೇ ಹೋಗುತ್ತದೆ. 4.63 ವೋಲ್ಟಿಗೆ ಇಳಿದರೆ ಪೈ ಅಂಡರ್‌ವೋಲ್ಟೇಜ್ ಎಂದು ಗುರುತಿಸುತ್ತದೆ, ಪರದೆಯಿದ್ದರೆ ಮಿಂಚಿನ ಚಿಹ್ನೆ ಕಾಣುತ್ತಿತ್ತು. ಇಲ್ಲಿ ಕಾಣುವುದು ಕಾರಣವಿಲ್ಲದ ರೀಸ್ಟಾರ್ಟ್. 0.75 ಚದರ ಮಿ.ಮೀ. ತಂತಿ, ಅರ್ಧ ಮೀಟರ್ ಮೀರದಂತೆ, ಒಳ್ಳೆಯ ಸ್ವಿಚ್. ಪೈನ 2 ಮತ್ತು 6ನೆಯ ಪಿನ್ನಿಗೆ (ಇದು ಪಿನ್ನುಗಳ ಸಾಲಿನ ಕ್ರಮಸಂಖ್ಯೆ, ಜಿಪಿಐಒ ಸಂಖ್ಯೆಯಲ್ಲ) ಮೀಟರ್ ಇಟ್ಟು, ನಾಲ್ಕೂ ಕೋರ್ ದುಡಿಯುವಾಗ 4.8ಕ್ಕಿಂತ ಮೇಲಿದೆಯೇ ನೋಡಿ. ಚಿತ್ರ ತೆಗೆದ ಕೂಡಲೇ ದೀಪ ಆರಿಸಿ ಆಮೇಲೆ ಟೆಸರಾಕ್ಟ್ ಶುರು ಮಾಡಿದರೆ ಎರಡೂ ಹೊರೆ ಒಟ್ಟಿಗೆ ಬೀಳುವುದಿಲ್ಲ.

ಸ್ವಿಚ್ ಹಾಕಿದ ಮೇಲೆ ಬೂಟ್ ಆಗಿ ಪ್ರೋಗ್ರಾಮ್ ಮಾತಾಡುವವರೆಗೆ ಅರ್ಧ ನಿಮಿಷದಷ್ಟು ಮೌನ. ಅದೇ ಹಳೆಯ ಗೊಂದಲ: ಪವರ್ ಬಂತೇ? ಇದಕ್ಕೆ ಸಾಫ್ಟ್‌ವೇರ್ ಉತ್ತರ ಕೊಡಲಾರದು, ಅದಿನ್ನೂ ಎದ್ದೇ ಇಲ್ಲ. ಬಜರನ್ನು 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ 5 ವೋಲ್ಟಿಗೆ ಜೋಡಿಸಿ: ಕೆಪಾಸಿಟರಿನ ಧನ ತುದಿ 5 ವೋಲ್ಟಿಗೆ, ಋಣ ತುದಿ ಬಜರಿನ ಧನಕ್ಕೆ, ಬಜರಿನ ಋಣ ಗ್ರೌಂಡಿಗೆ. ಪವರ್ ಬಂದಾಗ ಕೆಪಾಸಿಟರ್ ತುಂಬುವಷ್ಟು ಹೊತ್ತು ಮಾತ್ರ ಬಜರ್ 'ಪೀಂ' ಎಂದು ಸುಮ್ಮನಾಗುತ್ತದೆ. ಬಜರಿಗೆ ಅಡ್ಡಲಾಗಿ ಒಂದು 1ಎನ್4148 ಡಯೋಡ್, ಗೆರೆಯಿರುವ ತುದಿ ಬಜರಿನ ಧನಕ್ಕೆ. ಪವರ್ ಹೋದಾಗ ಕೆಪಾಸಿಟರ್ ಆ ದಾರಿಯಲ್ಲಿ ಬರಿದಾಗುತ್ತದೆ. ಡಯೋಡ್ ಬಿಟ್ಟರೆ ಬಜರಿಗೆ ಉಲ್ಟಾ ವೋಲ್ಟೇಜ್ ಬೀಳುತ್ತದೆ.

ಸದ್ದಿನ ಸರ್ಕ್ಯೂಟ್

ಮ್ಯಾಕ್ಸ್ 98357ಎಗೆ ಜಿಪಿಐಒ 18, 19, 21ರ ಮೂರು ಐ2ಎಸ್ (ಡಿಜಿಟಲ್ ಆಡಿಯೊ) ತಂತಿ, 5 ವೋಲ್ಟ್, ಗ್ರೌಂಡ್. ಹೆಡ್‌ಫೋನನ್ನು ಇದರ ಔಟ್‌ಪುಟ್ಟಿಗೆ ಎಂದೂ ಜೋಡಿಸಬೇಡಿ. ಇದರ ಎರಡು ತುದಿಗಳೂ ಸಿಗ್ನಲ್ ಹೊತ್ತಿರುತ್ತವೆ, ಯಾವುದೂ ಗ್ರೌಂಡಲ್ಲ. ಹೆಡ್‌ಫೋನ್ ಜ್ಯಾಕಿನ ಸಾಮಾನ್ಯ ಗ್ರೌಂಡ್ ತಗಲಿದರೆ ಒಂದು ಬದಿ ಶಾರ್ಟ್. ಹೆಡ್‌ಫೋನಿಗೆ ಪೈನ ಸ್ವಂತ 3.5 ಮಿ.ಮೀ. ಜ್ಯಾಕ್ ಇದೆ, ಯಾವುದು ಬೇಕೆಂದು ಆರಿಸಲು ಜಿಪಿಐಒ 26ರ ಸ್ಲೈಡ್ ಸ್ವಿಚ್. ಖಾಸಗಿ ಪತ್ರವನ್ನು ನಾಲ್ಕು ಜನರ ಎದುರು ಯಂತ್ರ ಕೂಗಿ ಓದಬಾರದಲ್ಲ. ಸ್ವಿಚ್ ಯಾವ ಕಡೆಗಿದೆ ಎಂದು ಬಟನ್ ಒತ್ತುವ ಮುಂಚೆಯೇ ಮುಟ್ಟಿ ನೋಡಬಹುದು.

ಲಿನಕ್ಸಿನ ಸದ್ದಿನ ವ್ಯವಸ್ಥೆ ಆಲ್ಸಾದಲ್ಲಿ ಸೌಂಡ್ ಕಾರ್ಡನ್ನು ಸಂಖ್ಯೆಯಿಂದ ಕರೆಯಬೇಡಿ, ಹೆಸರಿನಿಂದ ಕರೆಯಿರಿ. ಪರೀಕ್ಷಿಸಲು ಮಾನಿಟರ್ ಸಿಕ್ಕಿಸಿದರೆ ಎಚ್‌ಡಿಎಂಐಯೂ ಒಂದು ಕಾರ್ಡಾಗಿ ಸಂಖ್ಯೆ ಸರಿಯುತ್ತದೆ, ಮಾನಿಟರ್ ಕಿತ್ತ ಮೇಲೆ ಯಂತ್ರ ಮೂಕವಾಗುತ್ತದೆ. ಮಾತು ಶುರುವಾದಾಗ ಮೊದಲ ಅಕ್ಷರ ನುಂಗಿಹೋಗುವುದು, 'ಟಪ್' ಎನ್ನುವುದು ಇದ್ದರೆ ಆಂಪ್ಲಿಫೈಯರ್ ಪ್ರತಿ ಸಲ ನಿದ್ದೆಯಿಂದ ಏಳುತ್ತಿದೆ ಎಂದರ್ಥ. ಹಿನ್ನೆಲೆಯಲ್ಲಿ ಸದಾ ನಿಶ್ಶಬ್ದ ಸ್ಟ್ರೀಮ್ ನುಡಿಸುತ್ತಿದ್ದರೆ ಹೋಗುತ್ತದೆ. ಬಟನ್ ಒತ್ತಿದ ಮೇಲೆ ಮಾತು 100 ಮಿಲಿಸೆಕೆಂಡಿನಲ್ಲಿ ನಿಲ್ಲಬೇಕು. ಪ್ರೋಗ್ರಾಮ್ ನಿಲ್ಲಿಸಿದರೂ ಬಫರಿನಲ್ಲಿ ಉಳಿದ ಅರ್ಧ ಸೆಕೆಂಡಿನ ಮಾತು ಬರುತ್ತಲೇ ಇರುತ್ತದೆ, ಕೇಳುವವರು ಬಟನ್ ಕೆಟ್ಟಿದೆಯೆಂದು ಮತ್ತೆ ಒತ್ತುತ್ತಾರೆ, ಅದು ಮತ್ತೆ ಶುರುವಾಗುತ್ತದೆ. ಬಫರ್ 50 ಮಿಲಿಸೆಕೆಂಡಿಗೆ ಇಳಿಸಿ, ನಿಲ್ಲಿಸುವಾಗ ಬಫರನ್ನು ಚೆಲ್ಲಿಬಿಡಿ.

ಅಕ್ಷರದಿಂದ ಮಾತಿಗೆ

ಚಿತ್ರವನ್ನು ಬೂದುಬಣ್ಣಕ್ಕಿಳಿಸಿ, ಅದರದೇ ಮಬ್ಬು ಪ್ರತಿಯಿಂದ ಭಾಗಿಸಿದರೆ ಬೆಳಕಿನ ಏರುಪೇರು ಹೋಗುತ್ತದೆ. ಟೆಸರಾಕ್ಟ್ 5ರಲ್ಲಿ ಥ್ರೆಶೋಲ್ಡಿಂಗ್ (ಚಿತ್ರವನ್ನು ಕಪ್ಪು ಬಿಳುಪಾಗಿಸುವ) ವಿಧಾನ 2, ಅಂದರೆ ಸೌವೋಲಾ, ಆರಿಸಿ. ಭಾಷೆ ಕನ್ನಡ ಮೊದಲು, ಇಂಗ್ಲಿಷ್ ನಂತರ. ಪುಟದ ವಿಧ ಒಂದೇ ಅಂಕಣದ ಪತ್ರಕ್ಕೆ 6, ಉಳಿದದ್ದಕ್ಕೆ 3. ಒತ್ತಕ್ಷರ ಸಾಲಿನ ಕೆಳಗೆ ಇಳಿಬಿದ್ದಿರುತ್ತದೆ; ಸಾಲುಗಳು ಒತ್ತಾಗಿರುವ ಮುದ್ರಣದಲ್ಲಿ ಅದು ಕೆಳಸಾಲಿನ ತಲೆಕಟ್ಟಿಗೆ ತಾಗಿ 'ಅಕ್ಕ' ಬರಿಯ 'ಅಕ' ಆಗುತ್ತದೆ. ಅಂಥ ಪುಟಕ್ಕೆ ಚಿತ್ರವನ್ನು ಒಂದೂವರೆ ಪಟ್ಟು ಹಿಗ್ಗಿಸಿ ಕೊಟ್ಟು ನೋಡಿ.

ಹಾಳೆ ತಲೆಕೆಳಗಾಗಿದ್ದರೆ? ಮರದ ಪಟ್ಟಿ ಇರುವುದರಿಂದ ಎರಡೇ ಸಾಧ್ಯತೆ. ನಡುವಿನ ಒಂದು ತುಂಡನ್ನು ನೇರವಾಗಿ ಒಮ್ಮೆ, ತಿರುಗಿಸಿ ಒಮ್ಮೆ ಓದಿಸಿ, ಪದಗಳ ಸರಾಸರಿ ಕಾನ್ಫಿಡೆನ್ಸ್ (ಟೆಸರಾಕ್ಟಿಗೆ ಇರುವ ಖಚಿತತೆ, 100ಕ್ಕೆ) ಹೋಲಿಸಿ, ಹೆಚ್ಚಿನದನ್ನು ಹಿಡಿಯಿರಿ. ಬಳಕೆದಾರರಿಗೆ ಹೇಳುವ ಅಗತ್ಯವೇ ಇಲ್ಲ. ಎರಡೂ 50ರ ಕೆಳಗಿದ್ದರೆ ಓದಬೇಡಿ, ಹಾಳೆ ಮಗುಚಿ ನೋಡಲು ಹೇಳಿ. ಬಹಳ ಸಲ ಖಾಲಿ ಮಗ್ಗುಲು ಮೇಲಿರುತ್ತದೆ.

ಇಡೀ ಪುಟ ಮುಗಿಯಲು ಪೈಗೆ ಹತ್ತಾರು ಸೆಕೆಂಡ್ ಹಿಡಿಯುತ್ತದೆ. ಪುಟವನ್ನು ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ನಾಲ್ಕು ತುಂಡು ಮಾಡಿ, ಓಎಂಪಿ ಥ್ರೆಡ್ ಮಿತಿ (ಒಂದು ಪ್ರೋಸೆಸ್ ಬಳಸಬಹುದಾದ ಥ್ರೆಡ್ ಸಂಖ್ಯೆ) 1ಕ್ಕೆ ಇಟ್ಟು, ನಾಲ್ಕು ಪ್ರೋಸೆಸ್ ಒಟ್ಟಿಗೆ ಓಡಿಸಿ. ಒಂದೇ ಪ್ರೋಸೆಸ್ಸಿಗೆ ನಾಲ್ಕು ಕೋರ್ ಕೊಡುವುದಕ್ಕಿಂತ ಇದು ಬೇಗ. ಮೊದಲ ತುಂಡು ಮುಗಿದ ಕೂಡಲೇ ಮಾತು ಶುರುವಾಗಲಿ, ಉಳಿದವು ಹಿಂದಿನಿಂದ ಬರುತ್ತವೆ. ಅಲ್ಲಿಯವರೆಗೆ ಸೆಕೆಂಡಿಗೊಂದು ಸಣ್ಣ 'ಟಿಕ್'. ಟಿಕ್ ನಿಂತಿತು ಎಂದರೆ ಯಂತ್ರ ನಿಂತಿತು, ಬೇರೆ ಅರ್ಥವಿಲ್ಲ. ಆ ಟಿಕ್ ಅನ್ನು ಬೇರೆ ಥ್ರೆಡ್ಡಿನಲ್ಲಿ ಸುಮ್ಮನೆ ಬಡಿಯುತ್ತಿರಲು ಬಿಡಬೇಡಿ. ಟೆಸರಾಕ್ಟ್ ಸತ್ತ ಮೇಲೂ ಬಡಿಯುವ ಟಿಕ್ ಮೌನಕ್ಕಿಂತ ದೊಡ್ಡ ಸುಳ್ಳು. ಪ್ರತಿ ಟಿಕ್‌ಗೂ ಮುಂಚೆ ಪ್ರೋಸೆಸ್ ಬದುಕಿದೆಯೇ ನೋಡಬೇಕು. ಅದಕ್ಕೂ ಕೆಳಗೆ ಪೈನ ಹಾರ್ಡ್‌ವೇರ್ ವಾಚ್‌ಡಾಗ್ (ಪೈ ಸ್ತಬ್ಧವಾದರೆ ತಾನೇ ರೀಸ್ಟಾರ್ಟ್ ಮಾಡುವುದು) 10 ಸೆಕೆಂಡಿಗೆ ಇರಲಿ.

ಬಂದ ಪಠ್ಯ ನೇರ ಮಾತಿಗೆ ಹೋಗುವ ಹಾಗಿಲ್ಲ. ಮೊದಲು ಯೂನಿಕೋಡ್ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಒಂದಾಗಿಸುವ ರೂಪ): ಒತ್ವ ಕೆಲವೊಮ್ಮೆ ಎತ್ವ ಮತ್ತು ಊತ್ವ ಎಂಬ ಎರಡು ಚಿಹ್ನೆಯಾಗಿ ಬಂದಿರುತ್ತದೆ. ಆಮೇಲೆ ಅನುಸ್ವಾರ. ಕನ್ನಡದ ಸೊನ್ನೆ ೦, ಅನುಸ್ವಾರ ಂ, ಕಣ್ಣಿಗೆ ಎರಡೂ ಒಂದೇ. ಟೆಸರಾಕ್ಟ್ ಎಡವಿದರೆ 'ಬಂತು' ಎಂಬಲ್ಲಿ ಮಾತಿನ ಯಂತ್ರ 'ಬ ಸೊನ್ನೆ ತು' ಎನ್ನುತ್ತದೆ. ಪಕ್ಕದಲ್ಲಿ ಅಂಕೆಯಿಲ್ಲದೆ, ಅಕ್ಷರದ ನಂತರ ಬಂದ ೦ ಎಲ್ಲವನ್ನೂ ಂ ಮಾಡಿ. ಅಂಕೆಗಳ ನಡುವಿನ ಅಲ್ಪವಿರಾಮ ತೆಗೆಯಿರಿ. ಸಾಲಿನ ಕೊನೆಯ ಅಡ್ಡಗೆರೆ ತೆಗೆದು ಪದ ಕೂಡಿಸಿ.

ವಾಕ್ಯ ಒಡೆಯುವಾಗ 'ಡಾ.', 'ಕ್ರಿ.ಶ.', ಹೆಸರಿನ ಇನಿಶಿಯಲ್ಲುಗಳು ಮೋಸ ಮಾಡುತ್ತವೆ. ಚುಕ್ಕೆಯ ಹಿಂದಿನ ಪದ ಒಂದೋ ಎರಡೋ ಅಕ್ಷರದ್ದಾದರೆ ಅಲ್ಲಿ ಒಡೆಯದಿರುವುದು ಒರಟು ನಿಯಮ, ಆದರೆ ನಡೆಯುತ್ತದೆ. 'ಹೌದು.' ಮುಂದಿನ ವಾಕ್ಯಕ್ಕೆ ಅಂಟಿಕೊಂಡರೆ ನಷ್ಟವೇನಿಲ್ಲ.

'ಹಿಂದೆ' ಒಮ್ಮೆ ಒತ್ತಿದರೆ ಇದೇ ವಾಕ್ಯದ ಮೊದಲಿಗೆ, 0.6 ಸೆಕೆಂಡಿನೊಳಗೆ ಎರಡು ಸಲ ಒತ್ತಿದರೆ ಹಿಂದಿನ ವಾಕ್ಯಕ್ಕೆ. 'ಓದು' ಬಟನ್ ಒತ್ತಿ ಹಿಡಿದರೆ ಈಗಿನ ಪದವನ್ನು ಬಿಡಿಸಿ ಹೇಳುತ್ತದೆ. ಇಲ್ಲಿ ಯೂನಿಕೋಡ್ ಸಂಕೇತಗಳ ಪ್ರಕಾರ ಬಿಡಿಸಿದರೆ 'ಲಕ್ಷ್ಮಿ' ಚೂರುಚೂರು. ವ್ಯಂಜನದ ನಂತರ ಅರ್ಧಾಕ್ಷರದ ಚಿಹ್ನೆ (ಯೂನಿಕೋಡಿನ ವಿರಾಮ) ಬಂದರೆ ಮುಂದಿನ ವ್ಯಂಜನವನ್ನೂ ಅದರ ಸ್ವರಚಿಹ್ನೆಯನ್ನೂ ಕೂಡಿಸಿಕೊಂಡು 'ಲ', 'ಕ್ಷ್ಮಿ' ಎಂದು ಎರಡೇ ಮಾಡಬೇಕು.

ಯಂತ್ರ ತನ್ನ ಬಗ್ಗೆ ಆಡುವ ಮಾತು ಏಳೆಂಟು ಮೀರಬಾರದು, ಒಂದೊಂದೂ ಚಿಕ್ಕದಿರಲಿ: 'ಸಿದ್ಧ', 'ಹಾಳೆ ತೆಗೆಯಬಹುದು', 'ಖಾಲಿ ಹಾಳೆ', 'ಕೈ ತೆಗೆಯಿರಿ'. ಇವುಗಳನ್ನು ಮೊದಲೇ ಆಡಿಯೊ ಫೈಲ್ ಮಾಡಿಟ್ಟರೆ ಇಸ್ಪೀಕ್ ಕೈಕೊಟ್ಟಾಗಲೂ ಕೇಳುತ್ತವೆ. 'ಹಾಳೆ ತೆಗೆಯಬಹುದು' ಎಂಬುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಓದು ಮುಗಿಯುವವರೆಗೂ ಹಾಳೆ ಅಲುಗಿಸದೆ ಕಾಯುತ್ತಾ ಕೂರುತ್ತಾರೆ.

ಪರೀಕ್ಷೆ

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನೀವೇ ಪರೀಕ್ಷಿಸುವುದು ತಂತಿ ಸರಿಯಿದೆಯೇ ಎಂದು ನೋಡಲು ಸಾಕು, ವಿನ್ಯಾಸ ಸರಿಯಿದೆಯೇ ಎಂದು ನೋಡಲು ಸಾಲದು. ಬಟನ್ ಎಲ್ಲಿದೆ ಎಂದು ನಿಮಗೆ ಮೊದಲೇ ಗೊತ್ತು. ದಿನವೂ ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಗೆ, ಇತ್ತೀಚೆಗೆ ದೃಷ್ಟಿ ಕಳೆದುಕೊಂಡ ಒಬ್ಬರಿಗೆ, ಮಂದದೃಷ್ಟಿಯ ಒಬ್ಬರಿಗೆ ಏನೂ ವಿವರಿಸದೆ ಯಂತ್ರವನ್ನೂ ಒಂದು ಪತ್ರವನ್ನೂ ಕೊಡಿ. ಕೈ ಎಲ್ಲೆಲ್ಲಿ ಹುಡುಕುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಎರಡನೆಯ ಸಲ ಒತ್ತುತ್ತದೆ ಎಂಬುದನ್ನು ಬರೆದುಕೊಳ್ಳಿ. ಎರಡನೆಯ ಸಲ ಒತ್ತಿದ ಕಡೆಯಲ್ಲೆಲ್ಲ ಮೊದಲನೆಯದಕ್ಕೆ ಸದ್ದು ಬಂದಿಲ್ಲ, ಇಲ್ಲವೇ ತಡವಾಗಿ ಬಂದಿದೆ.

ಇದರಲ್ಲಿ ಇನ್ನೂ ಆಗದ ಕೆಲಸಗಳು: ಕೈಬರಹ ಓದುವುದಿಲ್ಲ, ಗೆರೆ ಎಳೆದ ಕೋಷ್ಟಕಗಳನ್ನು ಸಾಲುಸಾಲಾಗಿ ಬೆರೆಸಿಬಿಡುತ್ತದೆ, ಪುಸ್ತಕದ ಬೆನ್ನಿನ ಹತ್ತಿರ ಬಾಗಿದ ಸಾಲುಗಳ ಒಳಗಿನ ಒಂದೆರಡು ಪದ ತಪ್ಪುತ್ತದೆ. ಕೊನೆಯದಕ್ಕೆ ಮೇಲೆ ಗಾಜು ಒತ್ತಿದರೆ ಹೊಳಪಿನ ತೊಂದರೆ ಮರಳಿ ಬರುತ್ತದೆ. ಒಂದು ಮಗ್ಗುಲನ್ನು ಎಡಪಟ್ಟಿಗೆ ಒರಗಿಸಿ, ಇನ್ನೊಂದನ್ನು 100 ಡಿಗ್ರಿಯಷ್ಟೇ ತೆರೆದು ನಿಲ್ಲಿಸುವ ಮರದ ಆನಿಕೆ ಮಾಡಿಕೊಂಡು, ಒಮ್ಮೆಗೆ ಒಂದೇ ಪುಟ ಓದಿಸುವುದು ಸದ್ಯಕ್ಕಿರುವ ದಾರಿ. ಆನಿಕೆಯ ನೆರಳು ಪುಟದ ಮೇಲೆ ಬೀಳುವುದರಿಂದ ಆ ಬದಿಯ ಎಲ್‌ಇಡಿಯನ್ನು 30 ಮಿ.ಮೀ. ಮೇಲಕ್ಕೆ ಸರಿಸಬೇಕಾಗುತ್ತದೆ, ಬಿಂಬದ ಲೆಕ್ಕ ಮತ್ತೆ ಮಾಡಿದರೆ 114 ಮಿ.ಮೀ., ಇನ್ನೂ ಹಾಳೆಯ ಹೊರಗೇ.